ನನ್ನ ತಾರೀಖಿಗೆ ಹುಟ್ಟಿದ ಮಕ್ಕಳು

ಹೊಸಪೇಟೆ, ಸಂಡೂರು, ಕಂಪ್ಲಿ ಈ ಮೂರು ಊರುಗಳಲ್ಲಿ ನಾನು ಹುಟ್ಟಿದ ದಿನವೇ ಹುಟ್ಟಿದ ಮಕ್ಕಳು ಎಷ್ಟಿದ್ದಾರೆ ಎಂದು ಯಾರಾದರೂ ಕೇಳಿದರೆ ಒಂದು ಉದ್ದ ನೋಟ್‌ಬುಕ್ ತೆಗೆದು ತೋರಿಸಬೇಕಾಗುತ್ತದೆ. ಅದೇ ದಿನ, ಅದೇ ತಿಂಗಳು ಅಷ್ಟೇ ಅಲ್ಲ, ಅದೇ ವರ್ಷ ಕೂಡ. ಫೋನನ್ನು ಕೇಳಿದರೆ ಅವರೆಲ್ಲ ನನ್ನ ವಾರಿಗೆಯವರು. ನನಗೆ ನಲವತ್ತು ದಾಟಿದೆ. ಅವರಲ್ಲಿ ಎಷ್ಟೋ ಮಂದಿ ಇನ್ನೂ ಹೈಸ್ಕೂಲಿನ ಮೆಟ್ಟಿಲು ಹತ್ತಿಲ್ಲ. ಹೀಗೆ ಮಾಡಿದವಳು ನಾನೇ. ಮಾಡಿ ಎಷ್ಟೋ ವರ್ಷ ಅದನ್ನು ನನ್ನ ಜಾಣತನ ಅಂತಲೇ ತಿಳಿದುಕೊಂಡಿದ್ದೆ.

ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಒಂದು ಝೆರಾಕ್ಸ್ ಮಷಿನ್ನು, ಎರಡು ಕಂಪ್ಯೂಟರು, ಪಾಸ್‌ಪೋರ್ಟ್ ಫೋಟೊ ತೆಗೆಯಲಿಕ್ಕೆ ಗೋಡೆಗೆ ಮೊಳೆ ಹೊಡೆದ ನೀಲಿ ಬಟ್ಟೆ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ಪಿನ ಅರ್ಜಿ, ಯಾರದೋ ಫೋನಿಗೆ ಆಪ್ ಹಾಕಿಕೊಡುವುದು, ಬೆಳಗ್ಗೆಯಿಂದ ಸಂಜೆವರೆಗೆ ಇದೇ ಕೆಲಸ. ಗಂಡನಿಗೆ ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಶಿಫ್ಟು. ನಮಗೆ ಮಕ್ಕಳಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟ ನನ್ನ ಅಕ್ಕನಿಗೆ ಒಬ್ಬಳೇ ಮಗಳು, ಅವಳೇ ನಮ್ಮ ಎರಡೂ ಮನೆಯ ಮಗಳು. ಬೇಸಿಗೆ ರಜೆ ಬಂತೆಂದರೆ ನನ್ನ ಅಂಗಡಿಯ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಅರ್ಜಿ ಬರೆಸಲು ಬಂದವರಿಗೆ ನನಗಿಂತ ಜೋರು ಮಾಡುತ್ತಿದ್ದಳು.

ಕೊರೋನಾ ಬಂದ ವರ್ಷ ಶಾಲೆಗಳಿಗೆ ಬೀಗ ಬಿದ್ದು ಪಾಠವೆಲ್ಲ ಫೋನಿಗೆ ಬಂತಲ್ಲ, ಆಗ ಶುರುವಾದದ್ದು ಇದು. ತಾಯಂದಿರು ಫೋನು ಹಿಡಿದುಕೊಂಡು ನನ್ನ ಅಂಗಡಿಯ ಮುಂದೆ, ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ, ಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಸಂಡೂರಿನಿಂದ, ಮರಿಯಮ್ಮನಹಳ್ಳಿಯಿಂದ, ಕಂಪ್ಲಿಯಿಂದ, ಸಿಕ್ಕ ಗಾಡಿ ಹತ್ತಿಕೊಂಡು ಬಂದವರು. ಮೊದಮೊದಲು ನಾನು ಮಗುವಿನ ಖರೆ ತಾರೀಖನ್ನೇ ಹಾಕುತ್ತಿದ್ದೆ. ಹಾಕಿದ ಕೂಡಲೇ ಫೋನು ತಕರಾರು ತೆಗೆಯುತ್ತಿತ್ತು. ಇದು ಚಿಕ್ಕ ಮಗು, ಪಾಲಕರ ಒಪ್ಪಿಗೆ ಬೇಕು, ಪಾಲಕರ ಇಮೇಲ್ ಬೇಕು, ಅಲ್ಲಿಗೊಂದು ಸಂಖ್ಯೆ ಬರುತ್ತದೆ, ಅದನ್ನು ಇಲ್ಲಿ ಒತ್ತಿ. ಇಮೇಲ್ ಅಂದರೆ ಏನೆಂದು ಗೊತ್ತಿದ್ದ ತಾಯಿ ಆ ಸಾಲಿನಲ್ಲಿ ಒಬ್ಬಳೂ ಇರಲಿಲ್ಲ. ಒಂದೊಂದು ಫೋನಿಗೆ ಅರ್ಧ ತಾಸು ಹಿಡಿಯಿತು. ನನಗಂತೂ ಸಿಟ್ಟು ಮೂಗಿನ ಮೇಲೇ ಇರುತ್ತದೆ. ಮೂರನೆಯ ದಿನ ಒಬ್ಬಳ ಫೋನು ನಾಲ್ಕು ಸಲ ಹಿಂದಕ್ಕೆ ಹೋದಾಗ, ಹಾಳಾಗಿ ಹೋಗಲಿ ಎಂದು, ಬೆರಳಿಗೆ ರೂಢಿಯಾಗಿದ್ದ ನನ್ನ ಹುಟ್ಟಿದ ತಾರೀಖನ್ನೇ ಒತ್ತಿಬಿಟ್ಟೆ. ಫೋನು ತುಟಿಪಿಟಕ್ ಎನ್ನಲಿಲ್ಲ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು.

ಆಮೇಲೆ ಬಂದವರಿಗೆಲ್ಲ ಅದೇ. ಯಾರ ಮಗು, ಯಾವ ಕ್ಲಾಸು ಎಂದು ಕೇಳುವ ಗೋಜೇ ಇಲ್ಲ. ನೋಟ್‌ಬುಕ್ಕಿನಲ್ಲಿ ತಂದೆ ತಾಯಿಯ ಹೆಸರು, ಫೋನ್ ನಂಬರು, ಪಾಸ್‌ವರ್ಡು ಬರೆದು, ತಾರೀಖಿನ ಜಾಗದಲ್ಲಿ "ನಂದೇ" ಅಂತ ಗೀಚುತ್ತಿದ್ದೆ. ಭಾಳ ಜಲ್ದಿ ಮಾಡಿಕೊಡ್ತಾರವ್ವ ಆ ಮೇಡಂ ಅಂತ ಹೆಸರಾಯಿತು. ಮಕ್ಕಳಿಗೆ ಮಾತ್ರ ಒಂದು ಮಾತು ಗಟ್ಟಿಯಾಗಿ, ಬೆರಳು ತೋರಿಸಿ ಹೇಳಿ ಕಳಿಸುತ್ತಿದ್ದೆ. "ಯಾರು ಕೇಳಿದ್ರೂ ಇದ ನನ್ನ ಹುಟ್ಟಿದ ತಾರೀಖು ಅನ್ಬೇಕು. ಖರೇದು ಹೇಳಿದ್ರ ಫೋನ್ ಬಂದ್ ಆಗ್ತೈತಿ, ಕ್ಲಾಸು ತಪ್ಪತೈತಿ." ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿದ್ದ ಆ ಮಕ್ಕಳು ಗೋಣು ಹಾಕುತ್ತಿದ್ದವು. ಅಕ್ಕನ ಫೋನಿಗೆ ಅಕೌಂಟು ಮಾಡಿಕೊಟ್ಟಾಗ ಮೂರನೇ ಕ್ಲಾಸಿನಲ್ಲಿದ್ದ ಅವಳ ಮಗಳೂ ಹಾಗೇ ಗೋಣು ಹಾಕಿದ್ದಳು.

ಕೊರೋನಾ ಹೋಯಿತು, ಶಾಲೆ ತೆರೆದವು, ಆ ಅಕೌಂಟುಗಳು ಮಾತ್ರ ಉಳಿದವು. ಪಾಠದ ಜಾಗಕ್ಕೆ ಆಟ ಬಂತು, ಹಾಡು ಬಂತು, ಇನ್ನೇನೇನೋ ಬಂತು. ನಾನು ಅದರ ಕಡೆ ತಿರುಗಿ ನೋಡಲಿಲ್ಲ. ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ ನನ್ನ ಹುಟ್ಟಿದ ದಿನ ಬಂದಾಗ, ಒಂದಿಬ್ಬರು ತಾಯಂದಿರು ಫೋನು ಮಾಡಿ, ಮೇಡಂ, ಇವತ್ತು ನಮ್ಮ ಹುಡುಗನ ಹುಟ್ಟುಹಬ್ಬ ಅಂತ ಫೋನು ಕೇಕು ತೋರಿಸ್ತೈತಿ ನೋಡ್ರಿ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹೋದ ವರ್ಷ ನನ್ನ ಹುಟ್ಟಿದ ದಿನ ಭಾನುವಾರ ಬಿದ್ದಿತ್ತು. ಸೋಮವಾರ ಯಾವುದೋ ಅರ್ಜಿಯ ಕೊನೆಯ ದಿನವಿದ್ದುದರಿಂದ ಅಂಗಡಿ ತೆಗೆದಿದ್ದೆ. ಹತ್ತು ಗಂಟೆ ದಾಟಿತ್ತು. ಅಕ್ಕ ಕಂಪ್ಲಿಯಿಂದ ಭಾವನ ಫೋನಿನಲ್ಲಿ ಮಾತಾಡಿದಳು. ನನಗೆ ಶುಭಾಶಯ ಹೇಳಿ, ನಗುತ್ತ, ನಿನ್ನ ದೆಸೆಯಿಂದ ನಮ್ಮ ಮಗಳಿಗೂ ಇವತ್ತೇ ಹುಟ್ಟುಹಬ್ಬ ನೋಡು, ಅವಳ ಆಟದೊಳಗೆ ಯಾರೋ ಗೆಳತಿ ಹ್ಯಾಪಿ ಬರ್ತ್‌ಡೇ ಅಂತ ಕಳಿಸಿದ್ದಾಳೆ ಎಂದಳು. ಹುಡುಗಿಗೆ ಸ್ವಂತ ಫೋನಿರಲಿಲ್ಲ, ಅಕ್ಕನದನ್ನೇ ತೆಗೆದುಕೊಂಡು ಆಡುತ್ತಿದ್ದಳು. ಆ ಆಟದೊಳಗೆ ಒಬ್ಬರಿಗೊಬ್ಬರು ಬರೆದುಕೊಳ್ಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

ನಾನೂ ನಗಲಿಕ್ಕೆ ಹೋದವಳು ನಡುವೆಯೇ ನಿಂತೆ. ನಮ್ಮ ಹುಡುಗಿ ಹುಟ್ಟಿದ್ದು ಶ್ರಾವಣದಲ್ಲಿ, ಪಂಚಮಿಗೆ ಜೋಕಾಲಿ ಕಟ್ಟಿದ ಮರುದಿನ. ಪ್ರತಿ ವರ್ಷ ಕ್ಲಾಸಿನ ಹುಡುಗಿಯರಿಗೆಲ್ಲ ಚಾಕಲೇಟು ಹಂಚುತ್ತಾಳೆ. ಓಣಿಯವರಿಗೆ ಗೊತ್ತು, ನೆಂಟರಿಗೆ ಗೊತ್ತು. ಡಿಸೆಂಬರಿನಲ್ಲಿ ಅವಳಿಗೆ ಹುಟ್ಟುಹಬ್ಬದ ಶುಭಾಶಯ ಹೇಳುವವರು ಅವಳನ್ನು ಫೋನಿನಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಅದರ ಕೆಳಗೆ ಏನು ಬರೆದಿದೆ ಓದು ಅಂದೆ. ಅಕ್ಕ ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"'ಬಸ್ ಹತ್ತಿದಿ?' ಅಂತ ಐತಿ."

ಹುಡುಗಿ ಎಲ್ಲಿ ಎಂದು ಕೇಳಿದೆ. ಸ್ಪೆಷಲ್ ಕ್ಲಾಸು ಅಂತ ಎಂಟೂವರೆಗೇ ಹೋಗಿದ್ದಾಳೆ, ಸಂಜೆ ನಿನ್ನ ಕಡೆ ಬರೋಣ ಅಂತ ಹೊಸ ಚೂಡಿದಾರ ಹಾಕಿಕೊಂಡೇ ಹೋದಳು ಎಂದಳು ಅಕ್ಕ. ಆ ಚೂಡಿದಾರ ನಾನೇ ದೀಪಾವಳಿಗೆ ಕೊಡಿಸಿದ್ದು. ಶಾಲೆಯ ಟೀಚರಿಗೆ ಫೋನು ಮಾಡಿ ಕೇಳು ಅಂದೆ. ಎರಡು ನಿಮಿಷಕ್ಕೆ ಅಕ್ಕ ಮತ್ತೆ ಫೋನು ಮಾಡಿದಾಗ ಅವಳ ದನಿಯೇ ಬೇರೆಯಾಗಿತ್ತು. ಇವತ್ತು ಯಾವ ಕ್ಲಾಸೂ ಇಲ್ಲವಂತೆ. ಹಿಂದಿನ ಮಾತುಗಳನ್ನು ಮೇಲಕ್ಕೆ ಸರಿಸಿ ಓದು ಅಂದೆ. ಓದಿದಳು. ಬರೆಯುತ್ತಿದ್ದವಳು ದೋಣಿಮಲೈಯ ಕಂಪನಿ ಕ್ವಾರ್ಟರ್ಸಿನ ಹುಡುಗಿಯಂತೆ, ಒಂಬತ್ತನೇ ಕ್ಲಾಸಂತೆ, ಎರಡು ಜಡೆ ಹಾಕಿಕೊಂಡು ಬಿಳಿ ನಾಯಿಮರಿ ಎತ್ತಿಕೊಂಡ ಫೋಟೊ ಇದೆಯಂತೆ. ಹುಟ್ಟುಹಬ್ಬದ ಗಿಫ್ಟ್ ಕೊಡುತ್ತೇನೆ, ಹಂಪಿಗೆ ಬಾ, ಹತ್ತೂವರೆಗೆ ಎದುರು ಬಸವಣ್ಣನ ಹತ್ತಿರ ಇರುತ್ತೇನೆ, ಮನೆಯಲ್ಲಿ ಹೇಳಬೇಡ, ಹೇಳಿದರೆ ಬಿಡುವುದಿಲ್ಲ ಎಂದು ನಿನ್ನೆ ಬರೆದಿದ್ದಳು.

ಗೋಡೆಯ ಗಡಿಯಾರ ಹತ್ತೂ ಇಪ್ಪತ್ತೈದು ತೋರಿಸುತ್ತಿತ್ತು. ಆ ಫೋನಿಗೆ ಏನೂ ಉತ್ತರ ಬರೆಯಬೇಡ, ಏನೂ ಅಳಿಸಬೇಡ, ಪೊಲೀಸರಿಗೆ ತಿಳಿಸು ಎಂದು ಅಕ್ಕನಿಗೆ ಹೇಳಿ ಅಂಗಡಿಯ ಶಟರು ಅರ್ಧಕ್ಕೇ ಎಳೆದು ಹೊರಬಿದ್ದೆ. ಒಳಗೆ ಫೋಟೊ ತೆಗೆಸಲು ಒಬ್ಬರು ತಲೆ ಬಾಚಿಕೊಳ್ಳುತ್ತ ನಿಂತಿದ್ದರು, ಅವರನ್ನು ಮರೆತೇಬಿಟ್ಟೆ.

ಆಟೊ ಹತ್ತಿದೆ. ಅನಂತಶಯನಗುಡಿ ದಾಟುವ ಹೊತ್ತಿಗೆ ಅಕ್ಕ ಮತ್ತೆ ಫೋನು ಮಾಡಿ, ಪೊಲೀಸರು ಬೇಡ, ಮೊದಲು ನಾವೇ ನೋಡೋಣ, ಇಡೀ ಕಂಪ್ಲಿಗೆ ಗೊತ್ತಾದರೆ ನಾಳೆ ಹುಡುಗಿಯ ಗತಿಯೇನು ಅನ್ನುತ್ತಿದ್ದಾರೆ ನಿಮ್ಮ ಭಾವ ಎಂದಳು. ನಾನಾದರೂ ಪೊಲೀಸರಿಗೆ ಫೋನು ಮಾಡಬಹುದಿತ್ತು. ಆ ವಿಚಾರ ತಲೆಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಅಕೌಂಟು ಯಾರು ಮಾಡಿಕೊಟ್ಟದ್ದು ಎಂದು ಅವರು ಮೊದಲು ಕೇಳುತ್ತಾರೆ ಅನ್ನುವುದೂ ಅದರ ಜೊತೆಗೇ ಬಂತು. ಸುಮ್ಮನೆ ಕೂತೆ. ಈಗಲೂ ಅದನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಡ್ಡಿರಾಂಪುರದ ತಿರುವಿನಲ್ಲಿ ಪ್ರವಾಸಿಗಳ ಬಸ್ಸುಗಳು ಸಾಲುಗಟ್ಟಿದ್ದವು. ಎದುರಿನಿಂದ ಬರುವ ಒಂದೊಂದು ಕಾರಿನ ಹಿಂದಿನ ಸೀಟಿನಲ್ಲೂ ಬಗ್ಗಿ ನೋಡಿದೆ. ಎಷ್ಟೋ ಕಾರುಗಳಲ್ಲಿ ಹುಡುಗಿಯರಿದ್ದರು. ನಗುತ್ತಿದ್ದರು, ಚಿಪ್ಸ್ ತಿನ್ನುತ್ತಿದ್ದರು. ಅವಳ ಚೂಡಿದಾರದ ಬಣ್ಣ ಯಾವುದೆಂದು ಒಂದು ಗಳಿಗೆ ನನಗೆ ಮರೆತೇ ಹೋಯಿತು. ಹಳದಿಯೋ, ಗಿಳಿಹಸಿರೋ? ನಾನೇ ಆರಿಸಿ ತಂದ ಬಟ್ಟೆ. ಆಟೊದವರಿಗೆ ಜೋರಾಗಿ ಓಡಿಸ್ರಿ ಎಂದು ನಾನು ಚೀರಿದ್ದಕ್ಕೆ ಅವರು ತಿರುಗಿ ನೋಡಿ ಏನೂ ಕೇಳದೆ ಓಡಿಸಿದರು.

ಹಂಪಿಯಲ್ಲಿ ಇಳಿದಾಗ ಹನ್ನೊಂದು ಆಗುತ್ತಿತ್ತು. ಹೇಳಿದ ಹೊತ್ತಿಗಿಂತ ಅರ್ಧ ತಾಸು ತಡ. ವಿರೂಪಾಕ್ಷನ ಗುಡಿಗೆ ಬೆನ್ನು ಹಾಕಿ ತುದಿಯಲ್ಲಿ ದೊಡ್ಡ ಕಲ್ಲಿನ ಬಸವಣ್ಣನಿರುವ ಆ ಉದ್ದನೆಯ ಬೀದಿಯಲ್ಲಿ ಓಡಿದೆ. ಹುಟ್ಟಿದಾಗಿನಿಂದ ನೋಡಿದ ಜಾಗ; ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಅಲ್ಲೇ ಕೂತು ಮಿರ್ಚಿ ತಿಂದದ್ದಿದೆ. ಅವತ್ತು ಎರಡೂ ಕಡೆಯ ಕಲ್ಲಿನ ಕಂಬಗಳು ಹೆಜ್ಜೆಗೊಂದರಂತೆ ಯಾರನ್ನೋ ಮರೆಮಾಡಿಕೊಂಡು ನಿಂತಿವೆ ಅನ್ನಿಸಿತು. ಬಸವಣ್ಣನ ಮುಂದೆ ಹತ್ತಿಪ್ಪತ್ತು ಮಂದಿ ಇದ್ದರು. ನಮ್ಮ ಹುಡುಗಿ ಇರಲಿಲ್ಲ. ಎರಡು ಜಡೆಯ ಹುಡುಗಿಯೂ ಇರಲಿಲ್ಲ.

ಆಗ ಅಕ್ಕನ ಫೋನು ಬಂತು. ಅಳುತ್ತಿದ್ದಳು. ನನಗೆ ತಡೆಯಲಾಗುತ್ತಿಲ್ಲ, ಆ ಆಟದೊಳಗಿಂದಲೇ ಆ ಗೆಳತಿಗೆ ಕರೆ ಹಚ್ಚಿದ್ದೇನೆ, ರಿಂಗ್ ಆಗುತ್ತಿದೆ, ನೀನು ಅಲ್ಲೇ ಇದ್ದೀಯಲ್ಲ, ಯಾರು ಎತ್ತುತ್ತಾರೆ ನೋಡು ಎಂದಳು. ಬೇಡ, ಕಟ್ ಮಾಡು ಎಂದೆ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ನಾನು ತಲೆ ಎತ್ತಿ ನೋಡಿದೆ. ಮಂಟಪದ ನೆರಳಿನಲ್ಲಿ ಕೂತಿದ್ದವನೊಬ್ಬ ಜೇಬಿನಿಂದ ಫೋನು ತೆಗೆದು ನೋಡುತ್ತಿದ್ದ. ಟೋಪಿ ಹಾಕಿದವನೊಬ್ಬ ಕಿವಿಗೆ ಹಿಡಿದಿದ್ದ. ಹೆಂಡತಿಯ ಫೋಟೊ ತೆಗೆಯುತ್ತಿದ್ದವನು ತನ್ನ ಫೋನನ್ನು ಕೆಳಗಿಳಿಸಿ ಏನನ್ನೋ ಒತ್ತಿದ. ಹಾಳಾದ್ದು, ಕೈಯಲ್ಲಿ ಫೋನಿಲ್ಲದ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ಯಾರ ಮುಖವನ್ನು ನೋಡಿದರೂ ಇವನೇ ಅನ್ನಿಸಿತು. ಆ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಬಸ್ಸಿನಲ್ಲಿ ಪಕ್ಕದವನು ಫೋನು ನೋಡಿ ತನ್ನಷ್ಟಕ್ಕೆ ನಕ್ಕರೂ ಎದ್ದು ಬೇರೆ ಸೀಟಿಗೆ ಹೋಗುತ್ತೇನೆ.

ಕರೆ ಕಟ್ಟಾಯಿತು ಎಂದಳು ಅಕ್ಕ. ಅವಳು ಸಿಟ್ಟಿನಲ್ಲಿ ಬೈದು ಬರೆದಳಂತೆ, ನಿನ್ನನ್ನು ಪೊಲೀಸರಿಗೆ ಹಿಡಿದುಕೊಡುತ್ತೇನೆ ಅಂತ. ಒಂದು ನಿಮಿಷದೊಳಗೆ ಆ ಗೆಳತಿಯ ಹೆಸರು, ಫೋಟೊ, ಬರೆದ ಮಾತು ಎಲ್ಲ ಫೋನಿನಿಂದ ಮಾಯವಾದವು.

ನಾನು ಹಿಂದಕ್ಕೆ ಓಡಿದೆ. ಹೂವಿನವರನ್ನು, ಬಾಳೆಹಣ್ಣಿನವರನ್ನು, ಗೈಡುಗಳನ್ನು ಕೇಳಿದೆ. ಹದಿಮೂರು ವರ್ಷ, ಒಂದೇ ಜಡೆ, ಕಿವಿಯಲ್ಲಿ ಸಣ್ಣ ಝುಮಕಿ. ಯಾರೂ ನೋಡಿರಲಿಲ್ಲ, ಅಥವಾ ಅಂಥ ಹತ್ತು ಹುಡುಗಿಯರನ್ನು ನೋಡಿದ್ದರು. ಬಸ್ಸುಗಳು ನಿಲ್ಲುವ ಜಾಗಕ್ಕೆ ಬಂದೆ. ಅಲ್ಲಿ ಯಾವುದೋ ಶಾಲೆಯ ಹುಡುಗಿಯರು ಪ್ರವಾಸಕ್ಕೆ ಬಂದವರು, ಸಾಲಾಗಿ ನೆಲಕ್ಕೆ ಕೂತು ಪೇಪರ್ ತಟ್ಟೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದರು. ಎಲ್ಲರದೂ ನೀಲಿ ಯೂನಿಫಾರ್ಮು. ಸಾಲಿನ ನಡುವೆ ಒಂದು ಹಳದಿ ಚೂಡಿದಾರ.

ಅವಳ ಮುಂದೆಯೂ ಒಂದು ತಟ್ಟೆ ಇತ್ತು, ತಿಂದಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತಳು. ಅಪ್ಪಿಕೊಳ್ಳಬೇಕಾದವಳು ನಾನು ಏನು ಮಾಡಿದೆ? ಅಷ್ಟು ಜನರ ಮುಂದೆ ಅವಳ ಕಪಾಳಕ್ಕೆ ಹೊಡೆದೆ. ಅವಳು ಅಳಲಿಲ್ಲ. ಆ ಶಾಲೆಯ ಟೀಚರಮ್ಮ ನನ್ನ ಕೈ ಹಿಡಿದು, ಹೊಡೀಬ್ಯಾಡ್ರಿ, ನಡುಗ್ತಾ ಬಂದು ನಮ್ಮ ಹುಡುಗೇರ ಸಾಲಿನ್ಯಾಗ ಕುಂತಾಳ, ಮನೀ ನಂಬರ ಕೇಳಿದ್ರೂ ಬಾಯಿ ಬಿಡವಲ್ಲಳು, ಊಟ ಆದ ಮ್ಯಾಲೆ ಪೊಲೀಸರ ಕಡೆ ಕರ್ಕೊಂಡು ಹೋಗೋಣ ಅಂತಿದ್ದೆ ಎಂದರು. ಆ ತಾಯಿ ಯಾವ ಊರಿನವರೋ, ಹೆಸರೇನೋ ಕೇಳಲಿಲ್ಲ. ಅವರ ಹೊಟ್ಟೆ ತಣ್ಣಗಿರಲಿ.

ಆಟೊದಲ್ಲಿ ಹುಡುಗಿಯನ್ನು ಒತ್ತಿ ಹಿಡಿದುಕೊಂಡು ಕೂತೆ. ಕಮಲಾಪುರ ದಾಟಿ ಕಂಪ್ಲಿಯ ರಸ್ತೆಗೆ ಬಿದ್ದಮೇಲೆ, ಕಬ್ಬಿನ ಹೊಲಗಳು ಬಂದಮೇಲೆ, ಅವಳು ತಾನಾಗಿಯೇ ಬಾಯಿ ಬಿಟ್ಟಳು. ಬಸವಣ್ಣನ ಹತ್ತಿರ ಅವಳ ಗೆಳತಿ ಇರಲಿಲ್ಲವಂತೆ. ಒಬ್ಬ ಗಂಡಸು ಬಂದು ಇವಳ ಹೆಸರು ಹಿಡಿದು ಕರೆದು, ನಾನು ಅವಳ ಮಾಮ, ಅವಳು ಕಾರಿನಲ್ಲಿ ಕೂತಿದ್ದಾಳೆ, ಕಾಲು ಉಳುಕಿದೆ, ಬಾ ಎಂದನಂತೆ. ಇವಳು ಅವನ ಹಿಂದೆ ಇಡೀ ಬೀದಿ ನಡೆದುಕೊಂಡು ಬಂದಿದ್ದಾಳೆ. ಕಾರಿನವರೆಗೂ ಬಂದಿದ್ದಾಳೆ.

"ಗಾಜು ಕರ್ರಗ ಇತ್ತು ಚಿಗವ್ವ. ಆಕಿಗೆ ಗಾಜು ಇಳಸು ಅನ್ರಿ, ನೋಡ್ತೀನಿ ಅಂದೆ. ಇಳಸಲಿಲ್ಲ."

ಏಸಿ ಹಾಕಿದೆ, ಗಾಜು ಇಳಿಸಲಾಗುವುದಿಲ್ಲ, ನೀನೇ ಬಾಗಿಲು ತೆಗೆ ಎಂದನಂತೆ ಅವನು. ಅಷ್ಟರಲ್ಲಿ ಪಕ್ಕದಲ್ಲಿ ಬಸ್ಸು ನಿಂತು ಆ ಶಾಲೆಯ ಹುಡುಗಿಯರು ಇಳಿದರು. ಇವಳು ಓಡಿ ಹೋಗಿ ಅವರ ನಡುವೆ ಸೇರಿಕೊಂಡಳು. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡುತ್ತಿದ್ದನಂತೆ. ಫೋನು ಬಂತಂತೆ, ನೋಡಿದನಂತೆ, ಕಾರು ಹತ್ತಿ ಹೋದನಂತೆ. ಆ ಫೋನು ಅಕ್ಕನದೇ ಇರಬೇಕು. ನಾನು ಬಸವಣ್ಣನ ಮುಂದೆ ನಿಂತು ಅಲ್ಲಿದ್ದವರ ಮುಖ ಮುಖ ನೋಡುವಾಗ ಅವನು ಬೀದಿಯ ಈ ತುದಿಯಲ್ಲಿದ್ದ, ಹುಡುಗಿಯಿಂದ ಹತ್ತು ಹೆಜ್ಜೆ ದೂರ.

ಸಿಟ್ಟು ಪೂರ್ತಿ ಇಳಿದಿರಲಿಲ್ಲ ನನಗೆ. ಅಲ್ಲಲೇ, ಇವತ್ತು ನಿನ್ನ ಹುಟ್ಟಿದ ದಿನಾನೇ ಅಲ್ಲ, ಹುಟ್ಟುಹಬ್ಬದ ಗಿಫ್ಟು ಅಂದಾಗಲಾದರೂ ಅಲ್ಲ ಅನ್ನಬೇಕಿತ್ತಲ್ಲ, ಅಮ್ಮನಿಗೆ ಹೇಳಬೇಕಿತ್ತಲ್ಲ ಎಂದು ಗದರಿದೆ. ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು.

"ನೀನ ಹೇಳಿದ್ದಿಯಲ್ಲ, ಯಾರು ಕೇಳಿದ್ರೂ ಇದ ತಾರೀಖು ಹೇಳು, ಖರೇದು ಹೇಳಿದ್ರ ಬಂದ್ ಆಗ್ತೈತಿ ಅಂತ."

ಐದು ವರ್ಷದ ಹಿಂದೆ, ಮಾಸ್ಕು ಹಾಕಿಕೊಂಡು, ಬೆರಳು ತೋರಿಸಿ ಹೇಳಿದ ಮಾತು. ನಾನು ಮರೆತಿದ್ದೆ, ಮಗು ಮರೆತಿರಲಿಲ್ಲ.

ಅಕ್ಕನ ಮನೆಯಲ್ಲಿ ಅವತ್ತು ಒಲೆ ಹೊತ್ತಲಿಲ್ಲ. ದೂರು ಕೊಡೋಣ ಎಂದರೆ ಭಾವ ಒಪ್ಪಲಿಲ್ಲ. ಮಗಳು ಸಿಕ್ಕಳಲ್ಲ, ದೇವರು ದೊಡ್ಡವನು, ಇನ್ನು ಇದನ್ನು ಇಲ್ಲಿಗೇ ಬಿಡೋಣ, ಹೇಗೂ ತೋರಿಸಲಿಕ್ಕೆ ಫೋನಿನಲ್ಲಿ ಏನೂ ಉಳಿದಿಲ್ಲ ಎಂದರು. ಹುಡುಗಿಯ ಅಕೌಂಟು ತೆರೆದು ಖರೆ ತಾರೀಖು ಹಾಕಿದೆ. ಹಾಕಿದ ಕೂಡಲೇ ಗೊತ್ತಿಲ್ಲದವರು ಬರೆಯುವ ದಾರಿ ಮುಚ್ಚಿತು. ಪಾಲಕರ ಒಪ್ಪಿಗೆ ಬೇಕು ಎಂದು ಆ ಹಳೆಯ ಪ್ರಶ್ನೆ ಎದ್ದು ಬಂತು. ಕೊರೋನಾ ದಿನಗಳಲ್ಲಿ ನನಗೆ ಅಷ್ಟು ಸಿಟ್ಟು ತರಿಸಿದ್ದ ಪ್ರಶ್ನೆ. ನನ್ನ ಹಾಗೆ ಅವಸರದವಳೊಬ್ಬಳು ಬಂದಾಳು ಎಂದೇ ಯಾರೋ ಅಲ್ಲಿ ಅಗಳಿ ಹಾಕಿದ್ದರು, ನಾನು ಅದನ್ನು ತೆಗೆದು ಮೂರು ಊರಿನ ಮಕ್ಕಳ ಬಾಗಿಲನ್ನು ಹಾರು ಹೊಡೆದಿದ್ದೆ.

ಮರುದಿನದಿಂದ ನೋಟ್‌ಬುಕ್ ತೆಗೆದು ಕೂತೆ. "ನಂದೇ" ಎಂದು ಗೀಚಿದ ಒಂದೊಂದು ಸಾಲಿಗೂ ಫೋನು ಮಾಡಿದೆ. ಎಷ್ಟೋ ನಂಬರು ಬದಲಾಗಿದ್ದವು. ಆ ಸಾಲುಗಳನ್ನು ನೋಡಿದಾಗಲೆಲ್ಲ ನನಗೆ ಅನ್ನ ಸೇರುತ್ತಿರಲಿಲ್ಲ. ಸಿಕ್ಕವರಿಗೆ ಫೋನು ತಗೊಂಡು ಬರ್ರಿ, ಮಗುವನ್ನೂ ಕರೆತರ್ರಿ ಎಂದೆ. ಕೆಲವರು ಬಂದರು. ಕೆಲವರು, ನಮ್ಮ ಹುಡುಗ ಅಂಥವನಲ್ಲ ಬಿಡ್ರಿ ಅಂದರು. ಅವನು ಅಂಥವನು ಅಂತ ಯಾರು ಹೇಳಿದರು, ಆ ಕಡೆ ಇರುವವನು ಎಂಥವನು ಅಂತ ನಿಮಗೆ ಗೊತ್ತೇನ್ರಿ ಎಂದು ನಾನು ಜಗಳಕ್ಕೇ ನಿಂತೆ. ತಾರೀಖು ಸರಿ ಮಾಡಿದರೆ ಆಟ ಬಂದ್ ಆಗುತ್ತದೆ, ಫೋನಿಲ್ಲದೆ ನಮ್ಮ ಕೂಸು ಒಂದು ತುತ್ತು ನುಂಗುವುದಿಲ್ಲ ಎಂದು ಒಬ್ಬ ತಾಯಿ ಅತ್ತೇಬಿಟ್ಟಳು. ಅವಳನ್ನು ಬೈದು ಕಳಿಸಿದೆ, ಆಮೇಲೆ ಓಣಿಯ ತುದಿಯವರೆಗೆ ಹೋಗಿ ವಾಪಸು ಕರೆತಂದೆ. ಬೈದರೆ ತಾಯಂದಿರು ಮನೆಗೆ ಹೋಗಿ ಮಕ್ಕಳಿಗೆ ಬೈಯುತ್ತಾರೆ, ಮಕ್ಕಳು ಮುಂದೆ ಏನಾದರೂ ಆದರೆ ಹೇಳದೆ ಉಳಿಯುತ್ತವೆ. ನನ್ನ ಒಂದು ಏಟಿಗೆ ನಮ್ಮ ಹುಡುಗಿ ಹಂಪಿಯಿಂದ ಕಮಲಾಪುರದವರೆಗೆ ಬಾಯಿ ಬಿಟ್ಟಿರಲಿಲ್ಲ. ಆದ್ದರಿಂದ ಈಗ ಮೊದಲು ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ತಾಯಿಯನ್ನು ಹೊರಗೆ ನಿಲ್ಲಿಸಿ, ನಿನಗೆ ಯಾರ ಯಾರ ಜೊತೆ ಮಾತು ಇದೆ ಎಂದು ಮೆತ್ತಗೆ ಕೇಳುತ್ತೇನೆ. ಮುಖ ತೋರಿಸದವರು ಎಷ್ಟೇ ಚಂದ ಮಾತಾಡಲಿ, ಮೊದಲು ಗಾಜು ಇಳಿಸು ಅನ್ನು, ಇಳಿಸದಿದ್ದರೆ ಓಡಿ ಬಂದು ಅಮ್ಮನಿಗೆ ಹೇಳು ಎನ್ನುತ್ತೇನೆ. ಅಮ್ಮ ಹೊಡೆದರೆ ನನಗೆ ಫೋನು ಮಾಡು ಅಂತಲೂ ಹೇಳುತ್ತೇನೆ.

ಹಾಗೆ ಬಂದವರಲ್ಲಿ ಸಂಡೂರಿನ ಒಬ್ಬ ತಾಯಿ, ಆರನೇ ಕ್ಲಾಸಿನ ಮಗಳ ಜೊತೆ, ಸಂಕ್ರಾಂತಿ ಕಳೆದ ವಾರ ಬಂದಳು. ಹುಡುಗಿ ಅದೇ ಆಟ ಆಡುತ್ತಿದ್ದಳು. ಹೊಸ ಗೆಳತಿ ಒಬ್ಬಳು ಸಿಕ್ಕಿದ್ದಾಳೆ, ಭಾಳ ಒಳ್ಳೇಕಿ, ಕಂಪ್ಲಿಯವಳು, ಎಂಟನೇ ಕ್ಲಾಸು ಎಂದು ನಾಚಿಕೊಳ್ಳುತ್ತ ಫೋನು ತೋರಿಸಿದಳು.

ಫೋಟೊದಲ್ಲಿ ಇದ್ದದ್ದು ನಮ್ಮ ಹುಡುಗಿ. ಗಿರಣಿಯ ಮುಂದೆ, ಒಂದೇ ಜಡೆ ಮುಂದಕ್ಕೆ ಹಾಕಿಕೊಂಡು, ಝುಮಕಿ ಕಾಣುವ ಹಾಗೆ ಓರೆಯಾಗಿ ನಿಂತು ನಗುತ್ತಿದ್ದಾಳೆ. ಅವಳು ಆ ದೋಣಿಮಲೈ ಗೆಳತಿಗೆ ಕಳಿಸಿದ್ದ ಫೋಟೊ. ಅದರ ಕೆಳಗೆ, ನಿನ್ನ ಹುಟ್ಟುಹಬ್ಬ ಯಾವಾಗ, ನಂದು ಡಿಸೆಂಬರಿನಲ್ಲಿ ಆಯಿತು ಎಂದು ಬರೆದಿತ್ತು. ಹಾಗಾದರೆ ಆ ಎರಡು ಜಡೆಯ, ಬಿಳಿ ನಾಯಿಮರಿಯ ಹುಡುಗಿ ಯಾರು? ಅವಳೂ ಎಲ್ಲೋ ಒಂದು ಕಡೆ ಇರುವ ಖರೆ ಹುಡುಗಿಯೇ ಇರಬೇಕಲ್ಲ. ಅವಳು ಗಾಜು ಇಳಿಸು ಅಂದಳೋ, ಬಾಗಿಲು ತೆಗೆದಳೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಆ ತಾಯಿಗೆ ಏನೂ ಅಳಿಸಬೇಡ ಎಂದು ಕೈ ಮುಗಿದು ಹೇಳಿ, ಅವತ್ತೇ ಕಂಪ್ಲಿಗೆ ಹೋದೆ. ಈ ಸಲ ಭಾವನನ್ನು ಕೇಳಲಿಲ್ಲ, ಹೇಳಿದೆ. ಅವನು ಈಗ ನಿಮ್ಮ ಮಗಳ ಮುಖ ಹಾಕಿಕೊಂಡು ಇನ್ನೊಬ್ಬರ ಮನೆಯ ಮಗುವನ್ನು ಕರೆಯುತ್ತಿದ್ದಾನೆ, ಇನ್ನು ಯಾರ ಮರ್ಯಾದೆ ಉಳಿಸಲಿಕ್ಕೆ ಹೊರಟಿದ್ದೀರಿ ಎಂದೆ. ಭಾವ ಎದ್ದು ಅಂಗಿ ಹಾಕಿಕೊಂಡರು.

ಮರುದಿನ ಠಾಣೆಯಲ್ಲಿ ಸೈಬರ್ ಕೇಸು ನೋಡುವ ಅಧಿಕಾರಿ ಹೆಣ್ಣುಮಗಳಿದ್ದರು. ನಾನು ಹೆದರಿದ ಹಾಗೆ ಗದರಿಸುವವರಲ್ಲ. ಹುಡುಗಿಗೆ ಕುರ್ಚಿ ಕೊಟ್ಟು, ನೀರು ತರಿಸಿ, ಅಕ್ಕ ಭಾವ ಅವಳ ಎರಡೂ ಪಕ್ಕ ಕೂತುಕೊಳ್ಳುವವರೆಗೆ ಕಾದರು. ಸಂಡೂರಿನ ತಾಯಿ ತಂದ ಫೋನಿನಲ್ಲಿದ್ದದ್ದನ್ನೆಲ್ಲ ಇಳಿಸಿಕೊಂಡರು. ಡಿಸೆಂಬರಿನ ಅವತ್ತೇ ಬಂದಿದ್ದರೆ ಕಾರು ಸಿಗುತ್ತಿತ್ತೇನೋ ಎಂದಷ್ಟೇ ಹೇಳಿದರು. ಅಕೌಂಟು ಯಾರು ಮಾಡಿಕೊಟ್ಟದ್ದು ಎಂದು ಕೇಳಿದಾಗ ನಾನು ಎಂದೆ. ತಾರೀಖು ತಪ್ಪು ಹಾಕಿದವರು ಯಾರು ಎಂದಾಗಲೂ ನಾನು ಎಂದೆ, ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟೆ. ಅವರು ಹಾಳೆ ತಿರುವುತ್ತ ಹೋದರು. ಪ್ರತಿ ಹಾಳೆಯಲ್ಲೂ "ನಂದೇ", "ನಂದೇ" ಎಂದು ನನ್ನ ಅಕ್ಷರ.

ಕೊನೆಗೆ ಅವರು ನೋಟ್‌ಬುಕ್ ಮುಚ್ಚಿ, ಪೆನ್ನು ತೆಗೆದುಕೊಂಡು, ದೂರಿನ ಹಾಳೆಯಲ್ಲಿ ಹುಡುಗಿಯ ಹೆಸರು, ಶಾಲೆ, ಕ್ಲಾಸು ಬರೆದರು. ಆಮೇಲೆ ಅವಳ ಕಡೆ ತಿರುಗಿ, ನಿನ್ನ ಹುಟ್ಟಿದ ತಾರೀಖು ಹೇಳವ್ವ ಎಂದರು.

ಹುಡುಗಿ ಅಧಿಕಾರಿಯನ್ನು ನೋಡಲಿಲ್ಲ, ಪಕ್ಕದಲ್ಲಿದ್ದ ತಾಯಿಯನ್ನೂ ನೋಡಲಿಲ್ಲ. ತಿರುಗಿ ನನ್ನ ಮುಖ ನೋಡಿದಳು.

"ಯಾವುದು ಹೇಳ್ಲಿ, ಚಿಗವ್ವ?"